ಗೋಕರ್ಣದ ಕಡಲದಂಡೆ: ಅತಿಥಿಯೂ ಊರೂ

ನಮ್ಮ ಜಿಲ್ಲೆಯ ಕರಾವಳಿಯಲ್ಲಿ ಈಗ ಎಲ್ಲಿ ನೋಡಿದರೂ ಪ್ರವಾಸೋದ್ಯಮದ ಮಾತೇ ಕೇಳಿಬರುತ್ತಿದೆ. ಪ್ರವಾಸಿಗಳು ಬಂದರೆ ಹಣ ಬರುವುದು, ಹಣ ಬಂದರೆ ಊರು ಏಳಿಗೆ ಹೊಂದುವುದು ಎಂದು ಒಂದು ಪಕ್ಷದವರು ಹೇಳುತ್ತಾರೆ. ಪ್ರವಾಸಿಗಳು ಬಂದುದರಿಂದಲೇ ಊರು ಕೆಟ್ಟಿತು, ನೀರು ಕೆಟ್ಟಿತು, ನಡತೆ ಕೆಟ್ಟಿತು ಎಂದು ಇನ್ನೊಂದು ಪಕ್ಷದವರು ದುಃಖಪಡುತ್ತಾರೆ. ಇದು ನಿನ್ನೆ ಮೊನ್ನೆ ಹುಟ್ಟಿದ ಸಮಸ್ಯೆಯೆಂಬ ಭಾವನೆ ಮಾತ್ರ ಇಬ್ಬರಲ್ಲಿಯೂ ಸಮಾನವಾಗಿದೆ. ಆದರೆ ಗಂಗಾವಳಿ, ಅಘನಾಶಿನಿಗಳೆಂಬ ಎರಡು ಹೊಳೆಗಳ ನಡುವೆ ಕಡಲಿಗೆ ಮುಖಮಾಡಿ ನಿಂತಿರುವ ಗೋಕರ್ಣದ ಚರಿತ್ರೆಯನ್ನು ನೋಡಿದವರಿಗೆ ಈ ಭಾವನೆ ಸರಿಯೆಂದು ತೋರಲಾರದು. ಹೊರಗಿನಿಂದ ಬಂದವರಿಗೆ ಇರಲೆಡೆಯನ್ನೂ ಅನ್ನವನ್ನೂ ಒದಗಿಸಿ, ಅದರಿಂದಲೇ ತಾನೂ ಬದುಕುವ ವಿದ್ಯೆಯನ್ನು ಆ ಊರು ಸಾವಿರ ವರ್ಷಗಳಿಗೂ ಹಿಂದಿನಿಂದ ಬಲ್ಲುದು. ಅಷ್ಟು ಕಾಲ ಅತಿಥಿಗಳ ನಡುವೆ ಬಾಳಿದ ಊರಿಗೆ ಕಳೆದ ಐವತ್ತು ವರ್ಷಗಳಲ್ಲಿ ಹೊಸದಾಗಿ ಬಂದೊದಗಿದ ಕಷ್ಟವಾದರೂ ಯಾವುದು? ಅದನ್ನು ಸ್ವಲ್ಪ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕ್ಷೇತ್ರದ ಪ್ರಾಚೀನತೆ

ಗೋಕರ್ಣದ ಹೆಸರು ಮಹಾಭಾರತದ ತೀರ್ಥಯಾತ್ರಾ ಪ್ರಕರಣದಲ್ಲಿಯೇ ಬಂದಿದೆ. ಕಾಳಿದಾಸನ ರಘುವಂಶದ ಎಂಟನೆಯ ಸರ್ಗದಲ್ಲಿ, ದಕ್ಷಿಣ ಸಮುದ್ರದ ತೀರದಲ್ಲಿರುವ ಗೋಕರ್ಣೇಶ್ವರನನ್ನು ಸೇವಿಸಲು ನಾರದನು ಆಕಾಶಮಾರ್ಗದಿಂದ ಹೋಗುತ್ತಿರುವಾಗ ಅವನ ವೀಣೆಯ ಹೂಮಾಲೆ ಜಾರಿ ಇಂದುಮತಿಯ ಮೇಲೆ ಬಿದ್ದಿತೆಂಬ ಕಥೆ ವಾಚಕರಿಗೆ ತಿಳಿದೇ ಇದೆ. ತಮಿಳುನಾಡಿನ ಶೈವ ಸಂತರಾದ ಅಪ್ಪರ್ ಮತ್ತು ಸಂಬಂಧರ್ ಇವರು ಏಳನೆಯ ಶತಮಾನದಲ್ಲಿ ಈ ಕ್ಷೇತ್ರವನ್ನು ಕುರಿತು ಹಾಡಿದ್ದಾರೆ. ರಾವಣನು ಕೈಲಾಸದಿಂದ ತಂದ ಆತ್ಮಲಿಂಗವನ್ನು ವಟುರೂಪದ ಗಣಪತಿಯು ಇಲ್ಲಿ ನೆಲಕ್ಕಿಟ್ಟ ಕಥೆಯನ್ನು ಕೇಳದ ಮನೆ ನಮ್ಮ ಜಿಲ್ಲೆಯಲ್ಲಿ ಇರಲಾರದು. ಉತ್ತರದಿಂದಲೂ ದಕ್ಷಿಣದಿಂದಲೂ ಜನರು ಬಹು ಹಿಂದಿನ ಕಾಲದಿಂದಲೇ ಇಲ್ಲಿಗೆ ಬರುತ್ತಿದ್ದರೆಂಬುದು ಇದರಿಂದ ಸಿದ್ಧವಾಗುತ್ತದೆ.

ಬಂದವರೆಲ್ಲರೂ ಭಕ್ತರೇ ಆಗಿದ್ದರೆಂದು ತಿಳಿಯಬೇಕಾಗಿಲ್ಲ. ಗೋಕರ್ಣದ ತೆಂಕಣದಲ್ಲಿ ಹರಿಯುವ ಅಘನಾಶಿನಿಯ ಹಿನ್ನೀರಿನಲ್ಲಿ ಮಿರ್ಜಾನವು ಮೆಣಸಿನ ವ್ಯಾಪಾರದ ರೇವಾಗಿದ್ದಿತು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಮೆಣಸನ್ನು ಹುಡುಕಿಕೊಂಡು ಪೋರ್ಚುಗೀಜರು ಈ ತೀರಕ್ಕೆ ಬಂದರು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಜಾನ್ ಫ್ರಯರ್ ಎಂಬಾತನು 1670ರ ದಶಕದಲ್ಲಿ ಕಾರವಾರದ ಕಡೆಯಿಂದ ಗೋಕರ್ಣಕ್ಕೆ ಬಂದು, ಇಲ್ಲಿ ಕೂಡಿದ ಯಾತ್ರಿಕರ ಸಂದಣಿಯನ್ನು ಕಂಡು, 1698ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದಿಟ್ಟನು. ಟಿಪ್ಪುವಿನ ಪತನಾನಂತರ 1801ರಲ್ಲಿ ಈ ಪ್ರಾಂತವನ್ನು ಸಂಚರಿಸಿ ನೋಡಿದ ಫ್ರಾನ್ಸಿಸ್ ಬುಕಾನನನು, ಗೋಕರ್ಣವು ತೆಂಗಿನ ತೋಟಗಳೊಳಗೆ ಅಡಗಿ ಚದುರಿದಂತಿರುವ, ಸ್ವಲ್ಪಮಟ್ಟಿಗೆ ವ್ಯಾಪಾರವೂ ಉಳ್ಳ ಊರೆಂದು ವರ್ಣಿಸಿದ್ದಾನೆ. ಹೀಗೆ ದೂರದಿಂದ ಬಂದ ಅಪರಿಚಿತನ ಮುಖವು ಗೋಕರ್ಣದವರಿಗೆ ಎಂದೂ ಹೊಸತಾಗಿರಲಿಲ್ಲ.

ಹಳೆಯ ಕಟ್ಟಳೆ

ಹಳೆಯ ಕಾಲದ ಯಾತ್ರೆಗೆ ಒಂದು ಕಟ್ಟಳೆಯಿದ್ದಿತು. ಯಾತ್ರಿಕನು ಇಳಿದುಕೊಳ್ಳುತ್ತಿದ್ದುದು ಉಪಾಧಿವಂತರ ಮನೆಯಲ್ಲಿ. ಇಂತಿಂಥ ಸೀಮೆಯವರಿಗೆ ಇಂತಿಂಥ ಮನೆಯೆಂಬ ಸಂಬಂಧವು ತಲೆಮಾರುಗಳಿಂದ ನಡೆದುಬರುತ್ತಿದ್ದಿತು. ಬಂದವನು ಕಡಲಿನಲ್ಲಿ ಮಿಂದು, ಕೋಟಿತೀರ್ಥದಲ್ಲಿ ಮಿಂದು, ಪಿತೃಕಾರ್ಯಗಳನ್ನು ಮುಗಿಸಿ, ಗಣಪತಿಯ ಹಾಗೂ ಮಹಾಬಲೇಶ್ವರನ ದರ್ಶನ ಮಾಡಿ, ಆ ಮನೆಯ ಜಗಲಿಯಲ್ಲಿ ಬಾಳೆಯೆಲೆಯ ಊಟವನ್ನುಂಡು ಹೋಗುತ್ತಿದ್ದನು. ಅವನಿಗೆ ಬೇಕಾದ ಎಲೆ, ಕಾಯಿ, ಹೂವು, ಅಕ್ಕಿ, ತರಕಾರಿಗಳು ಸುತ್ತಲಿನ ತೋಟಗಳಿಂದಲೂ ಗದ್ದೆಗಳಿಂದಲೂ ಬರುತ್ತಿದ್ದುವು. ಹಾಲಕ್ಕಿ ಒಕ್ಕಲಿಗ ಹೆಂಗಸರು ಉಸುಕುನೆಲದಲ್ಲಿ ಬಾವಿಯ ನೀರು ಹೊತ್ತು ಬೆಳೆದ ಕಾಯಿಪಲ್ಲೆಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಪೇಟೆಗೆ ತರುವ ನೋಟವನ್ನು ಅಲ್ಲಿ ಇಂದಿಗೂ ಕಾಣಬಹುದು.

ಯಾತ್ರೆಗೆ ಕಾಲದ ಮಿತಿಯೂ ಇದ್ದಿತು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ತೀರದಲ್ಲಿ ಜ್ಯೇಷ್ಠದಿಂದ ಶ್ರಾವಣದವರೆಗೆ ಹೊಳೆಗಳು ತುಂಬಿ ದಾರಿ ಕಟ್ಟುತ್ತಿದ್ದಿತು. ಕಡಲಿನ ಹಾದಿಯೂ ಮುಚ್ಚುತ್ತಿದ್ದಿತು. ಶಿವರಾತ್ರಿಯ ರಥೋತ್ಸವಕ್ಕೆ ಸಾವಿರಾರು ಜನರು ನೆರೆದು, ಕೆಲವೇ ದಿನಗಳಲ್ಲಿ ಚದುರಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಊರು ತನ್ನ ಕೆಲಸವನ್ನು ತಾನು ನೋಡಿಕೊಳ್ಳುತ್ತಿದ್ದಿತು. ಬಾವಿಗಳಿಗೂ ನೆಲಕ್ಕೂ ಬಿಡುವು ದೊರೆಯುತ್ತಿದ್ದಿತು.

ಎಲ್ಲಕ್ಕಿಂತ ಮುಖ್ಯವಾದ ವಿಷಯವೆಂದರೆ, ಯಾತ್ರಿಕನಿಗೆ ಕಡಲದಂಡೆಯಲ್ಲಿ ಸ್ನಾನದ ಹೊರತು ಬೇರೆ ಕೆಲಸವಿರಲಿಲ್ಲ. ದಂಡೆಯು ದುಡಿಯುವವರ ಬಯಲಾಗಿದ್ದಿತು. ಹರಿಕಂತರು, ಅಂಬಿಗರು, ಖಾರ್ವಿಗಳು ದೋಣಿ ಎಳೆದಿಡುವುದು, ಬಲೆ ಹರಡಿ ಹೆಣೆಯುವುದು, ಮೀನು ಒಣಗಿಸುವುದು ಅಲ್ಲಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಗೋವೆಯ ಕಡೆಯಿಂದ ಈ ತೀರಕ್ಕೆ ಬಂದ ರಂಪಣಿ ಬಲೆಯನ್ನು ಎಳೆಯಬೇಕಾದರೆ ಐವತ್ತು ಅರವತ್ತು ಆಳುಗಳಾದರೂ ಬೇಕು. ದೋಣಿಯಲ್ಲಿ ಬಲೆಯನ್ನು ಕೊಂಡೊಯ್ದು ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡು ತುದಿಗಳನ್ನೂ ದಂಡೆಯಿಂದ ಎಳೆಯುವರು. ಸಿಕ್ಕಿದ ಬಂಗುಡೆ, ತಾರ್ಲೆಗಳನ್ನು ಬಲೆಯ ಪಾಲುದಾರರೂ ಎಳೆದವರೂ ಕ್ರಮದಂತೆ ಹಂಚಿಕೊಳ್ಳುವರು. ವಿಶಾಲವಾದ ದಂಡೆಯಿಲ್ಲದಿದ್ದರೆ ರಂಪಣಿಯೂ ಇಲ್ಲ. ಆ ಪಾಲೂ ಇಲ್ಲ.

ದಂಡೆಯಿಂದ ಒಳಗೆ ಹಿನ್ನೀರಿನ ಬದಿಯಲ್ಲಿ ಇನ್ನೆರಡು ಬದುಕುಗಳಿದ್ದುವು. ಸಾಣಿಕಟ್ಟೆಯ ಆಗರಗಳಲ್ಲಿ ಅಘನಾಶಿನಿಯ ಉಪ್ಪುನೀರನ್ನು ಮಡಿಗಳಿಗೆ ಬಿಟ್ಟು, ಬಿಸಿಲಿಗೆ ಆರಿಸಿ, ಉಪ್ಪನ್ನು ಕೆರೆದು ಗುಡ್ಡೆಹಾಕುವ ಕಸುಬು ಬಹುಕಾಲದಿಂದ ನಡೆದುಬಂದಿದೆ. ಗಜನಿಯೆಂದು ಕರೆಯುವ ತಗ್ಗಿನ ಗದ್ದೆಗಳಲ್ಲಿ ಮಳೆಗಾಲದಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುವರು. ಉಪ್ಪುನೀರು ನುಗ್ಗಿದರೂ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಸಾಯದ ಗಟ್ಟಿ ತಳಿಯದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಭರತದ ನೀರನ್ನು ಬಿಟ್ಟು ಸಿಗಡಿ, ಮೀನುಗಳನ್ನು ಹಿಡಿಯುವರು. ಹೊಳೆಯ ಅಳಿವೆಯಲ್ಲಿ ಇಳಿತದ ವೇಳೆಗೆ ಬಳಚುಗಳನ್ನು ಆಯ್ದು ಸಂಸಾರ ನಡೆಸುವ ಹೆಂಗಸರು ಬಹು ಮಂದಿ.

ಈ ಹಳೆಯ ವ್ಯವಸ್ಥೆಯನ್ನು ನಾವು ಸ್ವರ್ಗವೆಂದು ಕೊಂಡಾಡಬೇಕಾಗಿಲ್ಲ. ಯಾತ್ರೆಯ ಆದಾಯವು ಬಹುಮಟ್ಟಿಗೆ ಪೇಟೆಯ ಬೀದಿಗಳಲ್ಲಿಯೇ ನಿಲ್ಲುತ್ತಿದ್ದಿತು. ಗದ್ದೆಯಲ್ಲಿ ದುಡಿದ ಹಾಲಕ್ಕಿಯವರು ಬಹುಪಾಲು ಗೇಣಿಯ ಒಕ್ಕಲುಗಳು. ಆಗರದ ಉಪ್ಪನ್ನು ಹೊತ್ತವರು ದಿನಗೂಲಿಯವರು. ಮೀನುಗಾರನಿಗೆ ಬಲೆಯ ಸಾಲ ತೀರಿದ್ದೇ ಅಪರೂಪ. ಜಾತಿಯ ಕಟ್ಟುಗಳಿದ್ದುವು, ಬಡತನವಿದ್ದಿತು. ಆದರೂ ಅತಿಥಿಯ ಸಲುವಾಗಿ ಯಾರೂ ತಮ್ಮ ಕಸುಬಿನ ನೆಲವನ್ನು ಬಿಟ್ಟೇಳಬೇಕಾಗಿರಲಿಲ್ಲ. ಈ ಒಂದು ಗುಣವನ್ನು ಮರೆಯಲಾಗದು.

ದಂಡೆಯ ಮೇಲಿನ ಹಕ್ಕೆಂಬುದು ಇಲ್ಲಿಯ ಜನರಿಗೆ ಬರಿಯ ಮಾತೂ ಆಗಿರಲಿಲ್ಲ. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ಕಡಲು ಕೊಟ್ಟ ಉಪ್ಪಿಗೂ ಸರಕಾರದ ತೆರಿಗೆ ತೆರಬೇಕಾದ ಕಾಲದಲ್ಲಿ, 1930ರ ಏಪ್ರಿಲ್ 13ರಂದು ನೆರೆಯ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಸತ್ಯಾಗ್ರಹವು ನಡೆಯಿತು. ತೀರದ ಸಂಪತ್ತು ಮೊದಲು ತೀರದಲ್ಲಿ ಬಾಳುವವರದೆಂಬ ನ್ಯಾಯವನ್ನು ಅಂದು ನಮ್ಮ ಜಿಲ್ಲೆಯವರು ಸೆರೆಮನೆಗೆ ಹೋಗಿ ಸಾರಿದರು.

ಐವತ್ತು ವರ್ಷಗಳ ಪರಿವರ್ತನೆ

ಪರಿವರ್ತನೆಯು ಪ್ರವಾಸಿಗಳಿಂದಲೇ ಆರಂಭವಾಯಿತೆಂದು ಹೇಳುವಂತಿಲ್ಲ. 1974ರ ಭೂಸುಧಾರಣೆಯ ಕಾನೂನು ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ತಲೆಮಾರುಗಳಿಂದ ಪರರ ನೆಲವನ್ನು ಉತ್ತ ಹಾಲಕ್ಕಿಯವನ ಹೆಸರಿಗೆ ಗುಡ್ಡದ ಬುಡದ ತುಂಡುನೆಲವು ದಾಖಲಾಯಿತು. ಇದು ನ್ಯಾಯವಾದ ಕಾರ್ಯ. ಅದೇ ದಶಕದ ಮಧ್ಯದಲ್ಲಿ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಬಂದು, ಬಂಗುಡೆಯ ಹಿಂಡುಗಳನ್ನು ಅವು ದಂಡೆಗೆ ಬರುವ ಮುನ್ನವೇ ಬಳಿದು ಒಯ್ಯತೊಡಗಿದುವು. ಕೆಲವೇ ವರ್ಷಗಳಲ್ಲಿ ರಂಪಣಿಯು ಮೂಲೆಗೆ ಬಿದ್ದಿತು. ಹೀಗೆ ರೈತನ ಕೈಗೆ ನೆಲ ಬಂದಿತು. ಮೀನುಗಾರನ ಕೈಯಿಂದ ಕಸುಬು ಜಾರಿತು.

ಸರಿಯಾಗಿ ಇಂಥ ಕಾಲದಲ್ಲಿಯೇ ಹೊಸ ಬಗೆಯ ಅತಿಥಿಗಳು ಬಂದರು. ಗೋವೆಯ ತೀರಗಳಲ್ಲಿ ಸಂದಣಿ ಹೆಚ್ಚಿದಾಗ, ಶಾಂತವಾದ ಎಡೆಯನ್ನು ಅರಸುತ್ತ ವಿದೇಶೀಯ ತರುಣರು 1980ರ ಮತ್ತು 1990ರ ದಶಕಗಳಲ್ಲಿ ಗೋಕರ್ಣದ ಗುಡ್ಡಗಳನ್ನು ದಾಟಿ ಕುಡ್ಲೆಗೂ ಓಂ ಬೀಚಿಗೂ ನಡೆದುಹೋದರು. ಅವರಿಗೆ ಬೇಕಾದುದು ಒಂದು ಮಡಲಿನ ಗುಡಿಸಲು, ಒಂದು ಚಾಪೆ, ಎರಡು ಹೊತ್ತಿನ ಊಟ. ಅದನ್ನು ಒದಗಿಸಿದವರು ಅಲ್ಲಿಯ ಮೀನುಗಾರರ ಮತ್ತು ಒಕ್ಕಲಿಗರ ಮನೆಯವರೇ. ಯಾತ್ರೆಯ ಹಣವು ಎಂದೂ ಮುಟ್ಟದಿದ್ದ ಮನೆಗಳಿಗೆ ಮೊದಲ ಬಾರಿ ಅತಿಥಿಯ ಹಣವು ಮುಟ್ಟಿತು. ಮಕ್ಕಳ ಶಾಲೆಗೆ, ಹೆಂಚಿನ ಮಾಡಿಗೆ, ಬಲೆಯ ಸಾಲಕ್ಕೆ ಅದು ಒದಗಿತು. ಈ ಪ್ರವಾಸಿಗಳ ವೇಷಭೂಷಣಗಳನ್ನೂ ನಡೆನುಡಿಗಳನ್ನೂ ಕುರಿತು ಕ್ಷೇತ್ರದ ಹಿರಿಯರಿಗೆ ಅಸಮಾಧಾನವಿದ್ದುದು ಸಹಜವೇ. ಆದರೆ ಆ ಕಾಲದ ಏರ್ಪಾಡು ಹಳೆಯ ಕಟ್ಟಳೆಗೆ ಒಂದು ವಿಷಯದಲ್ಲಿ ಸಮೀಪವಾಗಿದ್ದಿತು: ಅತಿಥಿಯು ಸ್ಥಳೀಯನ ಮನೆಯ ಬದಿಯಲ್ಲಿ ಇಳಿಯುತ್ತಿದ್ದನು, ಸ್ಥಳೀಯನಿಗೆ ಬಾಡಿಗೆ ಕೊಡುತ್ತಿದ್ದನು, ಮಳೆ ಬಂದೊಡನೆ ಹೊರಟುಹೋಗುತ್ತಿದ್ದನು.

1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆಯಿತು. ಗೋಕರ್ಣಕ್ಕೂ ಒಂದು ನಿಲ್ದಾಣ ದೊರೆಯಿತು. ರಸ್ತೆಗಳೂ ಸೇತುವೆಗಳೂ ಸುಧಾರಿಸಿದುವು. ಬೆಂಗಳೂರಿನಿಂದ ರಾತ್ರಿ ಹೊರಟವನು ಬೆಳಗಾಗುವಷ್ಟರಲ್ಲಿ ಕಡಲನ್ನು ಕಾಣುವಂತಾಯಿತು. ಅಂದಿನಿಂದ ಅತಿಥಿಗಳ ಲೆಕ್ಕವೂ ಬೇರೆ, ಬಗೆಯೂ ಬೇರೆ. ಶನಿವಾರ ಬಂದು ಭಾನುವಾರ ಹೊರಡುವವರಿಗೆ ಮಡಲಿನ ಗುಡಿಸಲು ಸಾಲದು. ಹವೆ ತಂಪುಮಾಡುವ ಯಂತ್ರ, ಈಜುಕೊಳ, ವಾಹನ ನಿಲ್ಲಿಸುವ ಬಯಲು, ಇವೆಲ್ಲವೂ ಬೇಕು. ಇಷ್ಟನ್ನು ಒದಗಿಸಲು ಬಂಡವಾಳ ಬೇಕು; ಆ ಬಂಡವಾಳವು ಹೊರಗಿನಿಂದ ಬರುವುದು. 1974ರಲ್ಲಿ ದೊರೆತ ತುಂಡುನೆಲವನ್ನು ಮಾರುವ, ಇಲ್ಲವೆ ದೀರ್ಘಕಾಲದ ಗುತ್ತಿಗೆಗೆ ಕೊಡುವ ಆಶೆಯು ಬಡವನಿಗೆ ಹುಟ್ಟಿದರೆ ಅವನನ್ನು ದೂರಲಾಗದು. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಬಾರದೆಂಬ ನಿರ್ಬಂಧವೂ 2020ರ ತಿದ್ದುಪಡಿಯಿಂದ ಹೋಯಿತು. ಒಮ್ಮೆ ಕೈಬಿಟ್ಟ ನೆಲ ಮರಳಿ ಬರುವುದಿಲ್ಲ. ಮಾರಿದವನ ಮಗನು ತನ್ನ ತಂದೆಯ ನೆಲದ ಮೇಲೆಯೇ ಮಾಣಿಯಾಗಿಯೋ ಕಾವಲುಗಾರನಾಗಿಯೋ ನಿಲ್ಲಬೇಕಾದ ಪ್ರಸಂಗವು ಕರಾವಳಿಯ ಊರೂರುಗಳಲ್ಲಿ ಒದಗುತ್ತಿದೆ.

ನೀರಿನ ಮಾತು

ನೆಲದ ಮಾತು ಕಣ್ಣಿಗೆ ಕಾಣುವುದು. ನೀರಿನ ಮಾತು ಕಾಣದು. ಕಡಲಬದಿಯ ಉಸುಕಿನಲ್ಲಿ ಮಳೆಯ ಸಿಹಿನೀರು ಇಂಗಿ, ಭಾರವಾದ ಉಪ್ಪುನೀರಿನ ಮೇಲೆ ತೇಲಿಕೊಂಡಿರುವುದು. ಕಡಲಮಟ್ಟಕ್ಕಿಂತ ಸಿಹಿನೀರು 1 ಅಡಿ ಮೇಲೆ ನಿಂತಿದ್ದರೆ, ಕಡಲಮಟ್ಟದ ಕೆಳಗೆ ಸುಮಾರು 40 ಅಡಿಗಳವರೆಗೆ ಸಿಹಿನೀರಿನ ಪದರವು ಇರಬಹುದೆಂದು ಭೂಜಲ ಶಾಸ್ತ್ರಜ್ಞರು ಲೆಕ್ಕಹಾಕಿದ್ದಾರೆ. ಅದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಅಪಾಯವು ತಿಳಿಯುವುದು: ಪಂಪಿನಿಂದ ಎಳೆದು ಮೇಲಿನ ನೀರು 1 ಅಡಿ ತಗ್ಗಿತೆಂದರೆ, ಕೆಳಗಿನಿಂದ ಉಪ್ಪುನೀರು 40 ಅಡಿಗಳಷ್ಟು ಏರಿಬರಬಲ್ಲುದು. ಕೊಡದಲ್ಲಿ ಸೇದಿದ ಕಾಲಕ್ಕೆ ಈ ಪದರವು ತಾಳಿಕೊಂಡಿತು. ಚೈತ್ರ ವೈಶಾಖಗಳ ಬಿಸಿಲಿನಲ್ಲಿ, ರಜೆಯ ಸಂದಣಿಯ ವೇಳೆಗೇ, ಹತ್ತಾರು ಕೊಳವೆಬಾವಿಗಳು ಹಗಲಿರುಳು ಎಳೆದರೆ ಅದು ತಾಳಲಾರದು. ಮೊದಲು ಸಪ್ಪೆಯಾಗಿ ಆಮೇಲೆ ಉಪ್ಪಾಗುವುದು ಹೋಟೆಲಿನ ಬಾವಿಯಷ್ಟೇ ಅಲ್ಲ, ಪಕ್ಕದ ಕಾಯಿಪಲ್ಲೆಯ ಮಡಿಗೆ ನೀರೆರೆಯುವ ಬಾವಿಯೂ ಹೌದು. ಹೋಟೆಲಿನವನು ಟ್ಯಾಂಕರಿನ ನೀರನ್ನು ಕೊಳ್ಳಬಲ್ಲನು. ಬುಟ್ಟಿಯ ಹೆಂಗಸು ಕೊಳ್ಳಲಾರಳು. ಬಳಸಿದ ಕೊಳೆನೀರೂ ಅದೇ ಉಸುಕಿನಲ್ಲಿ ಇಂಗುವುದೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಕಾನೂನಿನ ದಾರಿ

ಕಡಲದಂಡೆಯನ್ನು ಕಾಯಲು ಕಾನೂನುಗಳಿಲ್ಲವೆಂದಲ್ಲ. 1991ರ ಫೆಬ್ರವರಿ 19ರಂದು ಭಾರತ ಸರಕಾರವು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಹೊರಡಿಸಿ, ಭರತರೇಖೆಯಿಂದ 500 ಮೀಟರುಗಳವರೆಗಿನ ನೆಲವನ್ನು ನಿಯಮಕ್ಕೊಳಪಡಿಸಿತು. ಹಳ್ಳಿಗಾಡಿನ ತೀರಗಳಲ್ಲಿ ಮೊದಲ 200 ಮೀಟರುಗಳಲ್ಲಿ ಹೊಸ ಕಟ್ಟಡಗಳನ್ನು ನಿಷೇಧಿಸಿತು. ಆ ಅಧಿಸೂಚನೆಯು 2011ರಲ್ಲಿಯೂ 2019ರಲ್ಲಿಯೂ ಹೊಸ ರೂಪವನ್ನು ತಳೆಯಿತು. 2019ರ ಅಧಿಸೂಚನೆಯಂತೆ, ಚದರ ಕಿಲೋಮೀಟರಿಗೆ 2161 ಜನರಿಗಿಂತ ಹೆಚ್ಚು ದಟ್ಟಣೆಯುಳ್ಳ ಹಳ್ಳಿಗಳಲ್ಲಿ ನಿಷೇಧದ ಪಟ್ಟಿಯು 50 ಮೀಟರಿಗೆ ಇಳಿದಿದೆ. ಉಳಿದೆಡೆ 200 ಮೀಟರುಗಳೇ ಉಳಿದಿವೆ. ತೀರದಲ್ಲಿ ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೂ ಅವಕಾಶವಾಗಿದೆ.

ಇದರಲ್ಲಿ ನಮ್ಮ ಜನರು ಗಮನಿಸಬೇಕಾದ ಒಂದು ಅಂಶವುಂಟು. ಮೀನುಗಾರರೂ ಸೇರಿದಂತೆ ಸ್ಥಳೀಯರು, ತಮ್ಮ ಮನೆಯ ಅಡಿಪಾಯದ ವಿಸ್ತಾರವನ್ನೂ ಹೊರರೂಪವನ್ನೂ ಬದಲಿಸದೆ, ಅದರಲ್ಲಿಯೇ ಅತಿಥಿಗಳನ್ನು ಇರಿಸಿಕೊಳ್ಳಬಹುದೆಂದು ಆ ಅಧಿಸೂಚನೆಯು ಹೇಳುತ್ತದೆ. ಹೋಂಸ್ಟೇ ಎಂಬ ಹೊಸ ಹೆಸರಿನಲ್ಲಿ ಬಂದಿರುವ ಈ ಪದ್ಧತಿಯು ನಮ್ಮ ಉಪಾಧಿವಂತರ ಜಗಲಿಯ ಪದ್ಧತಿಯೇ ಅಲ್ಲವೆ? ಹಿಂದೆ ಕೆಲವೇ ಬೀದಿಗಳಿಗೆ ಸೀಮಿತವಾಗಿದ್ದ ಆ ಅನುಕೂಲವು ಹರಿಕಂತರ ಕೇರಿಗೂ ಹಾಲಕ್ಕಿಗಳ ಕೊಪ್ಪಕ್ಕೂ ತೆರೆದಿದೆಯೆಂಬುದೇ ಇದರಲ್ಲಿಯ ಹೆಚ್ಚುಗಾರಿಕೆ. ಆದರೆ ಕಾನೂನು ಬಾಗಿಲನ್ನು ತೆರೆದ ಮಾತ್ರಕ್ಕೆ ಬಡವನು ಒಳಹೋಗಲಾರನು. ಶೌಚಾಲಯ ಕಟ್ಟಿಸಲು ಸಾಲ, ಪರವಾನಿಗೆಯ ಕಾಗದಪತ್ರಗಳಿಗೆ ಸಹಾಯ, ಲೆಕ್ಕವಿಡುವ ತಿಳಿವಳಿಕೆ, ಇವನ್ನು ಸಹಕಾರಿ ಸಂಘಗಳೂ ಪಂಚಾಯತಿಗಳೂ ಒದಗಿಸಿಕೊಡಬೇಕು.

ನೆರೆನಾಡಿನ ಒಂದು ಉದಾಹರಣೆಯು ಇಲ್ಲಿ ಉಪಯುಕ್ತವಾಗಬಹುದು. ಕೇರಳದ ಹಿನ್ನೀರಿನ ಬದಿಯ ಕುಮರಕಂ ಎಂಬ ಗ್ರಾಮದಲ್ಲಿಯೂ ದೊಡ್ಡ ಹೋಟೆಲುಗಳು ಎದ್ದು, ಊರವರಿಗೂ ಅವರಿಗೂ ವಿರಸ ಬೆಳೆದಿದ್ದಿತು. 2008ರಿಂದ ಅಲ್ಲಿಯ ಸರಕಾರ, ಪಂಚಾಯತಿ, ಕುಟುಂಬಶ್ರೀ ಹೆಂಗಸರ ಗುಂಪುಗಳು ಕೂಡಿ, ಹೋಟೆಲುಗಳಿಗೆ ಬೇಕಾದ ತರಕಾರಿ ಮೊದಲಾದ ಪದಾರ್ಥಗಳನ್ನು ಊರಲ್ಲಿಯೇ ಬೆಳೆದು ನಿಶ್ಚಿತ ಬೆಲೆಗೆ ಕೊಡುವ ಏರ್ಪಾಡನ್ನು ನಡೆಸಿದುವು. ಬೀಳುಬಿದ್ದ ಗದ್ದೆಗಳಲ್ಲಿ ಮತ್ತೆ ಬೆಳೆ ಬಂದಿತು. ಹಾಲಕ್ಕಿ ಹೆಂಗಸರ ಕಾಯಿಪಲ್ಲೆ, ಗಜನಿಯ ಕಗ್ಗದ ಅಕ್ಕಿ, ಸಾಣಿಕಟ್ಟೆಯ ಉಪ್ಪು, ಅಘನಾಶಿನಿಯ ಬಳಚು ಇರುವ ನಮ್ಮಲ್ಲಿ ಅಂಥ ಏರ್ಪಾಡಿಗೆ ಸಾಮಗ್ರಿಯ ಕೊರತೆಯಿಲ್ಲ. ಹೋಟೆಲಿನ ಊಟದ ಎಲೆಗೆ ದೂರದ ಮಂಡಿಯಿಂದ ಬಂದ ತರಕಾರಿಯನ್ನು ಬಡಿಸಿ, ಅದರ ಎದುರಿನ ಬೀದಿಯಲ್ಲಿಯೇ ಊರಿನ ತರಕಾರಿ ಬಾಡುವುದು ಕೇವಲ ವ್ಯವಸ್ಥೆಯ ದೋಷ.

ಅಘನಾಶಿನಿಯ ಅಳಿವೆಯು 2024ರ ಜನವರಿಯಲ್ಲಿ ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿ, ಜಗತ್ತಿನ ಮಹತ್ವದ ಜೌಗುಪ್ರದೇಶಗಳಲ್ಲಿ ಒಂದೆನಿಸಿದೆ. ಅಣೆಕಟ್ಟೆಯಿಲ್ಲದೆ ಹರಿದು ಕಡಲನ್ನು ಸೇರುವ ಈ ಹೊಳೆಗೆ ಇದು ಸಲ್ಲಬೇಕಾದ ಗೌರವವೇ. ಆದರೆ ಗೌರವದ ಹಿಂದೆಯೇ ನೋಡಲು ಬರುವವರ ದೋಣಿಗಳೂ ಬರುವುವು. ಬಳಚು ಆಯುವ ಹೆಂಗಸಿನ ಇಳಿತದ ವೇಳೆಗೂ ವಿಹಾರದೋಣಿಯ ವೇಳೆಗೂ ತಿಕ್ಕಾಟ ಬಂದಾಗ ಯಾರು ಸರಿಯಬೇಕೆಂಬುದನ್ನು ಇಂದೇ ನಿಶ್ಚಯಿಸಿಕೊಳ್ಳುವುದು ಲೇಸು.

ಉಪಸಂಹಾರ

ಚರಿತ್ರೆಯನ್ನು ನೋಡಿದಾಗ ಮೂರು ಮಾತುಗಳು ಸ್ಪಷ್ಟವಾಗುತ್ತವೆ. ಅತಿಥಿಯು ಊರವರ ಮನೆಯಲ್ಲಿ ಇಳಿದುಕೊಂಡಷ್ಟು ಕಾಲ ಅವನ ಹಣವು ಊರಿನಲ್ಲಿ ಉಳಿಯಿತು. ಅವನಿಗಾಗಿ ನೆಲವನ್ನೇ ಮಾರಿದಾಗ ಹಣವೂ ಹೋಯಿತು, ನೆಲವೂ ಹೋಯಿತು. ಬರುವವರ ಲೆಕ್ಕವನ್ನು ಹಿಂದೆ ಮಳೆಯೂ ಹೊಳೆಯೂ ಮಿತಿಗೊಳಿಸುತ್ತಿದ್ದುವು. ಈಗ ಆ ಮಿತಿಯನ್ನು ಬಾವಿಯ ನೀರನ್ನು ಅಳೆದು ನಾವೇ ಹಾಕಿಕೊಳ್ಳಬೇಕಾಗಿದೆ. ಮೂರನೆಯದಾಗಿ, ದೋಣಿ ಎಳೆಯುವ, ಬಲೆ ಹರಡುವ, ಮೀನು ಒಣಗಿಸುವ ದಂಡೆಯನ್ನು ಮೀನುಗಾರರ ಬಯಲೆಂದು ಗ್ರಾಮಸಭೆಗಳಲ್ಲಿ ಗೊತ್ತುಪಡಿಸಿ, ನಕಾಶೆಯಲ್ಲಿ ಗುರುತಿಸಿ, ಅದಕ್ಕೆ ಬೇಲಿ ಬೀಳದಂತೆ ನೋಡಿಕೊಳ್ಳಬೇಕು. ಮೀನಿನ ವಾಸನೆಯ ಬಗ್ಗೆ ಪ್ರವಾಸಿಯು ದೂರಿದರೆ, ಆ ದಂಡೆಯಲ್ಲಿ ತನಗಿಂತ ಮೊದಲು ಬಂದವರಾರೆಂಬುದನ್ನು ಅವನಿಗೆ ವಿನಯದಿಂದಲೇ ತಿಳಿಸಿಕೊಡಬಹುದು.

ಗೋಕರ್ಣಕ್ಕೆ ಬರುವವರನ್ನು ತಡೆಯುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ನಾರದನಿಂದ ಹಿಡಿದು ಫ್ರಯರನವರೆಗೆ ಯಾರನ್ನೂ ಆ ಊರು ಹಿಂದಿರುಗಿಸಲಿಲ್ಲ. ಆದರೆ ಅತಿಥಿಸತ್ಕಾರವೆಂಬ ಧರ್ಮವನ್ನು ಆಚರಿಸಬೇಕಾದರೆ ಮೊದಲು ಗೃಹಸ್ಥನಿಗೆ ಒಂದು ಮನೆ ಇರಬೇಕು. ಆ ಮನೆ, ಅದರ ಬಾವಿ, ಅದರೆದುರಿನ ದಂಡೆ ಇವು ಮೂರೂ ಊರವರ ಕೈಯಲ್ಲಿ ಉಳಿಯುವಂತೆ ಮಾಡುವ ಹೊಣೆಯು ಸರಕಾರದ್ದೆಂದು ಸುಮ್ಮನಾಗದೆ, ನಮ್ಮ ಜಿಲ್ಲೆಯ ವಿದ್ಯಾವಂತರೂ ಸಂಘಸಂಸ್ಥೆಗಳೂ ಈ ವಿಷಯವನ್ನು ತಮ್ಮ ಸಭೆಗಳಲ್ಲಿ ಚರ್ಚಿಸಿ, ತೀರದ ಜನರ ಮಾತನ್ನು ಅವರ ಬಾಯಿಂದಲೇ ಕೇಳಿ ಕಾರ್ಯೋನ್ಮುಖರಾಗುವರೆಂದು ಆಶಿಸುತ್ತೇವೆ.